ಮಡ್ಡಿಯ ಮಗ್ಗುಲಿನ ಆಳಂದ

ಗಾಣಗಾಪುರದಲ್ಲಿ ಪಾದುಕೆಗಳ ದರ್ಶನ ಮುಗಿಸಿ ಅಕ್ಕಲಕೋಟೆಗೋ ತುಳಜಾಪುರಕ್ಕೋ ಪಂಢರಪುರಕ್ಕೋ ಧಾವಿಸುವ ಯಾತ್ರಿಕರ ವಾಹನಗಳು ವರ್ಷದುದ್ದಕ್ಕೂ ಕಲಬುರಗಿ ಜಿಲ್ಲೆಯ ವಾಯವ್ಯದ ಸೀಮೆಯನ್ನು ಹಾದುಹೋಗುತ್ತವೆ. ಕಿಟಕಿಯ ಬದಿಗೆ ಕುಳಿತ ಮಕ್ಕಳು, "ಇಲ್ಲಿ ನೋಡುವುದಕ್ಕೆ ಏನಿದೆ?" ಎಂದು ಕೇಳುತ್ತಾರೆ. "ಏನಿದೆ, ಬರಿಯ ಬಯಲು" ಎಂದು ಹೇಳಿ ಹಿರಿಯರು ಕಣ್ಣು ಮುಚ್ಚುತ್ತಾರೆ. ಮುಂದಿನ ದೇವಸ್ಥಾನ ಬರುವವರೆಗೆ ಆ ಕಣ್ಣುಗಳು ತೆರೆಯುವುದಿಲ್ಲ.

ಮಲೆನಾಡಿನ ಜಲಪಾತವನ್ನೂ ಹಂಪೆಯ ಕಲ್ಲುರಥವನ್ನೂ ಕಂಡು ಬಂದವರಿಗೆ ಈ ಉತ್ತರ ಸಹಜವೇ. ಆದರೆ ಎರಡು ದಿನದ ಬಿಡುವಿದ್ದು, ಕಾಲಿನಲ್ಲಿ ಕೊಂಚ ಶಕ್ತಿಯಿದ್ದು, ಗುಡಿಗೋಪುರಗಳ ಪಟ್ಟಿಯನ್ನು ಮುಗಿಸುವ ಆತುರವಿಲ್ಲದ ಕುಟುಂಬವೊಂದು ಆಳಂದದಲ್ಲಿ ಇಳಿದರೆ, ಆ "ಬರಿಯ ಬಯಲು" ಬರಿದಲ್ಲವೆಂಬುದು ಮೊದಲನೆಯ ದಿನದ ಸೂರ್ಯ ಮುಳುಗುವುದರೊಳಗೇ ತಿಳಿಯುತ್ತದೆ.

ಆಳಂದಕ್ಕೆ ಹೋಗುವ ದಾರಿ ಸುಲಭ. ಮುಂಬಯಿ–ಚೆನ್ನೈ ರೈಲುಮಾರ್ಗದ ಮೇಲಿರುವ ಕಲಬುರಗಿಯಲ್ಲಿ ಇಳಿದು, ವಾಯವ್ಯಕ್ಕೆ ಸುಮಾರು ೪೦ ಕಿಲೋಮೀಟರು ಬಸ್ಸಿನಲ್ಲಿ ಸಾಗಿದರೆ ಆಳಂದ. ಅಲ್ಲಿಂದ ಮುಂದೆ ಸ್ವಲ್ಪ ದೂರದಲ್ಲೇ ಮಹಾರಾಷ್ಟ್ರದ ಗಡಿ. ಆದರೆ ಈ ಗಡಿಗೆ ವಯಸ್ಸು ಹೆಚ್ಚಲ್ಲ. ೧೯೪೮ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೂ ಗಡಿಯ ಆಚೆಯ ಉಮರ್ಗಾ ಮತ್ತು ಈಚೆಯ ಆಳಂದ ಎರಡೂ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿಯೇ ಇದ್ದವು. ೧೯೫೬ರ ನವೆಂಬರ್ ೧ರಂದು ಹೈದರಾಬಾದು ರಾಜ್ಯ ಮೂರು ಪಾಲಾದಾಗ ಉಮರ್ಗಾ ಮುಂಬಯಿ ರಾಜ್ಯಕ್ಕೂ ಆಳಂದ ಮೈಸೂರು ರಾಜ್ಯಕ್ಕೂ ಸೇರಿದವು. ನಕ್ಷೆಯ ಮೇಲೆ ಗೆರೆ ಬಿದ್ದಿತು. ಸಂತೆ, ನೆಂಟಸ್ತಿಕೆ, ಜಾತ್ರೆಗಳ ಹೆಜ್ಜೆ ಮಾತ್ರ ಆ ಗೆರೆಯನ್ನು ದಾಟುತ್ತಲೇ ಉಳಿಯಿತು. ಬಸ್ಸಿನೊಳಗೆ ಕುಳಿತು ಕಿವಿಗೊಟ್ಟರೆ ಸಾಕು: ಕನ್ನಡದಲ್ಲಿ ಆರಂಭವಾದ ಮಾತು ಮರಾಠಿಯಲ್ಲಿ ಹೊರಳಿ ಉರ್ದುವಿನಲ್ಲಿ ಮುಗಿಯುವುದು ಇಲ್ಲಿ ಯಾರಿಗೂ ಆಶ್ಚರ್ಯವಲ್ಲ.

ದಾರಿಯಲ್ಲಿ ಒಂದು ನಿಲುಗಡೆ

ಆಳಂದವನ್ನು ಮುಟ್ಟುವ ಮೊದಲೇ, ಅದೇ ರಸ್ತೆಯ ಮೇಲಿರುವ ಕಡಗಂಚಿಯಲ್ಲಿ ಒಂದು ಗಳಿಗೆ ಇಳಿಯುವುದು ಒಳ್ಳೆಯದು. ದತ್ತ ಸಂಪ್ರದಾಯದವರು ಮನೆಮನೆಗಳಲ್ಲಿ ಪಾರಾಯಣ ಮಾಡುವ 'ಗುರುಚರಿತ್ರೆ'ಯನ್ನು ಮರಾಠಿಯಲ್ಲಿ ರಚಿಸಿದ ಸರಸ್ವತೀ ಗಂಗಾಧರನು ಈ ಊರಿನವನೆಂದು ಪರಂಪರೆ ಹೇಳುತ್ತದೆ. ಅವನ ಮನೆಮಾತು ಕನ್ನಡವಾಗಿತ್ತೆಂಬುದೂ ಅದೇ ಪರಂಪರೆಯ ಮಾತು. ಮಹಾರಾಷ್ಟ್ರದ ಲಕ್ಷಾಂತರ ಮನೆಗಳ ದೇವರ ಕೋಣೆಯಲ್ಲಿರುವ ಗ್ರಂಥವನ್ನು ಒಬ್ಬ ಕನ್ನಡಿಗನು ಎರಡನೆಯ ಭಾಷೆಯಲ್ಲಿ ಬರೆದನೆಂದರೆ, ಗಡಿಯ ಜನ ಭಾಷೆಯನ್ನು ಬೇಲಿಯಾಗಿ ಬಳಸಲಿಲ್ಲ, ಬಾಗಿಲಾಗಿ ಬಳಸಿದರು ಎಂದಂತಾಯಿತು.

ಇದೇ ಕಡಗಂಚಿಯ ಬಯಲಿನಲ್ಲಿ ಇಂದು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಕಟ್ಟಡಗಳು ಎದ್ದಿವೆ. ೨೦೦೯ರಲ್ಲಿ ಸಂಸತ್ತಿನ ಕಾಯಿದೆಯಿಂದ ಹುಟ್ಟಿದ ಈ ವಿದ್ಯಾಲಯದ ಆವರಣ ಆರುನೂರು ಎಕರೆಗೂ ಮಿಕ್ಕದ್ದು. ನಾಡಿನ ಮೂಲೆಮೂಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದ ತರುಣ ತರುಣಿಯರು ಇಲ್ಲಿ ಓದುತ್ತಾರೆ. ಮೊದಲ ವಾರ ಈ ಮರವಿಲ್ಲದ ವಿಸ್ತಾರ ಕಂಡು ಕಂಗಾಲಾಗುವ ವಿದ್ಯಾರ್ಥಿಗೂ ಒಂದೆರಡು ಋತು ಕಳೆದ ಮೇಲೆ ಆಕಾಶವನ್ನು ನೋಡುವ ಅಭ್ಯಾಸ ತಾನಾಗಿ ಬರದೆ ಇರದು.

ಮಡ್ಡಿ ಎಂದರೇನು?

ಆಳಂದದ ಸುತ್ತಣ ನೆಲವನ್ನು ಸ್ಥೂಲವಾಗಿ ಎರಡು ಬಗೆಯಾಗಿ ನೋಡಬಹುದು. ತಗ್ಗಿನಲ್ಲಿರುವುದು ಎರೆ: ಕಪ್ಪು, ಆಳ, ನೀರು ಹಿಡಿಯುವ ಮಣ್ಣು. ಏರಿನಲ್ಲಿರುವುದು ಮಡ್ಡಿ: ತೆಳುವಾದ ಮಣ್ಣಿನ ಹೊದಿಕೆಯ ಕೆಳಗೆ ಕಲ್ಲು ಇಣುಕುವ, ಹುಲ್ಲು ಮತ್ತು ಕುರುಚಲು ಮಾತ್ರ ಬೆಳೆಯುವ ಉಬ್ಬುನೆಲ. ಎರಡರ ತಾಯಿಯೂ ಒಂದೇ ಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸ ಪದರಪದರವಾಗಿ ಹೆಪ್ಪುಗಟ್ಟಿ ದಖ್ಖನ್ನಿನ ಕಪ್ಪುಶಿಲೆಯಾಯಿತು. ಆ ಶಿಲೆ ಮಳೆಗಾಳಿಗೆ ಶಿಥಿಲವಾಗಿ ಪುಡಿಯಾದದ್ದು ತಗ್ಗಿಗೆ ಜಾರಿ ಎರೆಯಾಯಿತು. ಏರಿನ ಮೇಲೆ ಉಳಿದ ಕಲ್ಲು ಮಡ್ಡಿಯಾಯಿತು.

ಇಂಗ್ಲಿಷ್ ಕಾದಂಬರಿಗಳನ್ನು ಓದಿದವರಿಗೆ ಆ ದೇಶದ 'ಮೂರ್' ಎಂಬ ಬೋಳು ಹುಲ್ಲುಬಯಲಿನ ಪರಿಚಯವುಂಟು. ಎಮಿಲಿ ಬ್ರಾಂಟೆಯ 'ವುದರಿಂಗ್ ಹೈಟ್ಸ್' ೧೮೪೭ರಲ್ಲಿ ಪ್ರಕಟವಾದ ಮೇಲೆ, ಯಾರ್ಕ್‌ಷೈರಿನ ಆ ಗಾಳಿಬೀಸುವ ಬಯಲನ್ನೂ ಅದರ ಅಂಚಿನ ಹಾವರ್ತ್ ಎಂಬ ಪುಟ್ಟ ಊರನ್ನೂ ನೋಡುವುದಕ್ಕೆ ದೇಶವಿದೇಶಗಳ ಜನ ಹೋಗತೊಡಗಿದರು. ಆ ನೆಲ ತಣ್ಣನೆಯದು, ತೇವದ್ದು. ಆಳಂದದ ಮಡ್ಡಿ ಒಣಗಿದ್ದು, ಬಿಸಿಯದು. ಆದರೆ ಎರಡಕ್ಕೂ ಸಾಮ್ಯವಿದೆ. ಎರಡರಲ್ಲಿಯೂ ಮರಕ್ಕಿಂತ ಗಾಳಿಯ ಆಳ್ವಿಕೆ ಹೆಚ್ಚು. ಎರಡನ್ನೂ ಕುರಿಗಳು ಮೇಯುತ್ತವೆ. ಎರಡೂ ಮೊದಲ ನೋಟಕ್ಕೆ ಏನನ್ನೂ ಕೊಡುವುದಿಲ್ಲ. ವ್ಯತ್ಯಾಸವೇನೆಂದರೆ, ಹಾವರ್ತಿಗೆ ಹೋಗುವವನು ಬಯಲನ್ನು ನೋಡಲೆಂದೇ ಹೋಗುತ್ತಾನೆ; ಆಳಂದವನ್ನು ಹಾದುಹೋಗುವವನು ಬಯಲು ಬೇಗ ಮುಗಿಯಲೆಂದು ಬಯಸುತ್ತಾನೆ.

ಮುಂಜಾವಿನ ನಡಿಗೆ

ಆದಕಾರಣ ಆಳಂದದಲ್ಲಿ ಮಾಡಬೇಕಾದ ಮೊದಲ ಕೆಲಸ ನಡೆಯುವುದು. ಬೆಳಗಿನ ಆರು ಗಂಟೆಗೆ ಊರನ್ನು ಬಿಟ್ಟು ಯಾವುದಾದರೂ ಹಳ್ಳಿಯ ದಾರಿ ಹಿಡಿದರಾಯಿತು. ತಾಲ್ಲೂಕಿನ ಹಳ್ಳಿಗಳಲ್ಲಿ ಕಿಣ್ಣಿ ಸುಲ್ತಾನ ಒಂದು. ಪ್ರವಾಸದ ಕೈಪಿಡಿಗಳು ಹೆಸರಿಸುವ ಊರಲ್ಲ. ಆದರೆ ಆ ಹೆಸರಿನ ಮುಂದೆ ಒಂದು ನಿಮಿಷ ನಿಲ್ಲುವುದು ಲೇಸು. ಕಿಣ್ಣಿ ಎಂಬ ಊರುಗಳು ಈ ಜಿಲ್ಲೆಯಲ್ಲಿ ಒಂದಕ್ಕಿಂತ ಹೆಚ್ಚು. ಹುಮನಾಬಾದಿನ ಹೆದ್ದಾರಿಯ ಕಡೆ ಇರುವುದು ಕಿಣ್ಣಿ ಸಡಕ್, ಆಳಂದ ತಾಲ್ಲೂಕಿನದು ಕಿಣ್ಣಿ ಸುಲ್ತಾನ. ಒಂದಕ್ಕೆ ರಸ್ತೆಯ ಬಾಲ, ಇನ್ನೊಂದಕ್ಕೆ ಅರಸನ ಬಾಲ. ಸಾವಳಗಿ (ಬಿ) ಎಂಬಂತೆ ಕೆಲವು ಊರುಗಳ ಮುಂದೆ ಕಂಸದಲ್ಲಿ 'ಬಿ' ಎಂದೂ ಇನ್ನು ಕೆಲವುಗಳ ಮುಂದೆ 'ಕೆ' ಎಂದೂ ಫಲಕಗಳಲ್ಲಿ ಬರೆದಿರುವುದು ಕಾಣುತ್ತದೆ. ಅವು ಇಂಗ್ಲಿಷ್ ಅಕ್ಷರಗಳ ಗುಟ್ಟಲ್ಲ. 'ಬುಜುರ್ಗ' ಎಂದರೆ ಹಿರಿಯದು, 'ಖುರ್ದ' ಎಂದರೆ ಕಿರಿಯದು ಎಂಬ ಪಾರಸೀ ಮಾತುಗಳ ಮೊದಲಕ್ಷರಗಳು. ನಾಲ್ಕಾರು ಶತಮಾನಗಳ ದಫ್ತರಿನ ಇತಿಹಾಸ ಹೀಗೆ ಬಸ್ ನಿಲ್ದಾಣದ ತಗಡಿನ ಮೇಲೆ ಕುಳಿತಿದೆ. ಮಕ್ಕಳಿಗೆ ಊರ ಫಲಕಗಳನ್ನು ಓದುವ ಆಟವನ್ನು ಹಚ್ಚಿದರೆ ದಾರಿ ಸವೆದದ್ದೇ ಗೊತ್ತಾಗುವುದಿಲ್ಲ.

ಹೊಲಗಳನ್ನು ದಾಟಿ ಮಡ್ಡಿಯ ಏರನ್ನು ಹತ್ತಿದ ಮೇಲೆ ಗಾಳಿಯ ಸದ್ದು ಬದಲಾಗುತ್ತದೆ. ಕರಡದ ಹುಲ್ಲು ಒಂದೇ ದಿಕ್ಕಿಗೆ ಬಾಗುತ್ತದೆ. ಅಲ್ಲಲ್ಲಿ ಜಾಲಿ, ಬನ್ನಿ, ಬಾರಿಗಿಡಗಳ ಕುರುಚಲು. ಹಳದಿ ಹೂವಿನ ತಂಗಟೆ. ಕಲ್ಲಿನ ಸಂದಿಯಲ್ಲಿ ಎಕ್ಕ. ನೆಲದಿಂದ ನೆಟ್ಟಗೆ ಮೇಲಕ್ಕೇರಿ ಹಾಡುತ್ತ ಮತ್ತೆ ಹುಲ್ಲಿಗೇ ಬೀಳುವ ಬಾನಾಡಿ. ಮನುಷ್ಯನ ನೆರಳು ಕಂಡೊಡನೆ ಕೂಗೆಬ್ಬಿಸುವ ಟಿಟ್ಟಿಭ. ತಂತಿಯ ಮೇಲೆ ಕುಳಿತ ನೀಲಕಂಠ — ಇವು ಹುಡುಕದೆಯೇ ಸಿಗುವ ಹಕ್ಕಿಗಳು. ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ವಲಸೆ ಬರುವ ಸೆಳೆವಗಳು ಹುಲ್ಲಿನ ಮೇಲೆ ಗೇಣೆತ್ತರದಲ್ಲಿ ತೇಲುವುದನ್ನು ಅದೃಷ್ಟವಂತರು ಕಂಡಾರು. ಈ ಜಿಲ್ಲೆಯ ಬಯಲುಗಳಲ್ಲಿ ಚಿಗರಿಯ ಹಿಂಡುಗಳೂ ಉಂಟು. ಅವು ಹೊಲಕ್ಕೆ ನುಗ್ಗಿದಾಗ ರೈತನಿಗೆ ಆಗುವ ನಷ್ಟವನ್ನು ಮರೆತು, ಚಿಗರಿಯ ಚೆಲುವನ್ನಷ್ಟೇ ಹೊಗಳುವ ಪ್ರವಾಸಿಗೆ ಹಳ್ಳಿಯವರು ನಸುನಕ್ಕು ಸುಮ್ಮನಾಗುತ್ತಾರೆ.

ಖರಾಬು ಎಂಬ ಮಾತು

ಮಡ್ಡಿಯ ಮೇಲೆ ಕುರಿ ಕಾಯುವವನನ್ನು ಕಂಡು, "ಈ ಜಮೀನು ಯಾರದು?" ಎಂದು ಕೇಳಿದರೆ, "ಖರಾಬು" ಎಂಬ ಉತ್ತರ ಬರುವುದುಂಟು. ಖರಾಬು ಎಂದರೆ ಕೆಟ್ಟದ್ದು. ಇದು ಕುರಿಗಾರನ ಮಾತಲ್ಲ, ಕಂದಾಯದ ಕಡತದ ಮಾತು. ಸಾಗುವಳಿಗೆ ಒದಗದ ನೆಲವೆಲ್ಲ ಪಹಣಿಯಲ್ಲಿ ಖರಾಬು. ಅದರಲ್ಲಿಯೂ ಎರಡು ವರ್ಗ: ಕಲ್ಲು ಕೊರಕಲಿನಿಂದಾಗಿ ಉಳುವುದಕ್ಕೆ ಬಾರದ್ದು 'ಅ' ಖರಾಬು, ದಾರಿ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗೆ ಬಿಟ್ಟದ್ದು 'ಬ' ಖರಾಬು.

ಈ ವಿಂಗಡಣೆಯನ್ನು ಸ್ವಲ್ಪ ಯೋಚಿಸಿ ನೋಡಬೇಕು. ಊರಿನವರು ನಡೆಯುವ ದಾರಿ ಖರಾಬು. ದನ ನೀರು ಕುಡಿಯುವ ಹಳ್ಳ ಖರಾಬು. ಕೊನೆಯಲ್ಲಿ ಎಲ್ಲರೂ ಮಲಗುವ ನೆಲವೂ ಖರಾಬು. ತೆರಿಗೆಯ ಲೆಕ್ಕಕ್ಕಾಗಿ ಇಟ್ಟ ಹೆಸರು ಅದು, ದುರುದ್ದೇಶವೇನೂ ಇರಲಿಲ್ಲ. ಆದರೆ ಹೆಸರಿಗೆ ತನ್ನದೇ ಆದ ಬಲವುಂಟು. ಹುಲ್ಲುಗಾವಲುಗಳನ್ನು ದೇಶದ ನಕ್ಷೆಗಳಲ್ಲಿಯೂ ಬಹುಕಾಲ 'ಪಾಳುಭೂಮಿ'ಯೆಂದೇ ಗುರುತಿಸಿದ್ದರಿಂದ, ಅಲ್ಲಿ ಗಿಡ ನೆಟ್ಟರೆ ಸುಧಾರಣೆ, ಕಲ್ಲು ತೆಗೆದರೆ ಸದುಪಯೋಗ, ಬೇಲಿ ಹಾಕಿದರೆ ಅಭಿವೃದ್ಧಿ ಎಂಬ ಭಾವನೆ ಬೇರೂರಿತು. ಕುರಿಗೆ ಮೇವು ಎಲ್ಲಿಯದು, ಹಳ್ಳಕ್ಕೆ ಇಳಿಯುವ ನೀರು ಮೊದಲು ಎಲ್ಲಿ ಬಿದ್ದಿತು ಎಂದು ಕೇಳುವವರು ಕಡಿಮೆಯಾದರು.

ಗಡಿಯ ಆಚೆ, ಸೊಲ್ಲಾಪುರದ ಹತ್ತಿರದ ನಾನ್ನಜ್ ಇದಕ್ಕೆ ಎಚ್ಚರಿಕೆಯ ಉದಾಹರಣೆ. ಒಂದು ಕಾಲಕ್ಕೆ ದಖ್ಖನ್ನಿನ ಬಯಲುಗಳ ಹೆಮ್ಮೆಯಾಗಿದ್ದ ಎರೆಭೂತವೆಂಬ ದೊಡ್ಡ ಹಕ್ಕಿಗಾಗಿ ಅಲ್ಲಿ ೧೯೭೯ರಲ್ಲಿ ಅಭಯಾರಣ್ಯ ಸ್ಥಾಪಿತವಾಯಿತು. ಮೀಟರಿನಷ್ಟು ಎತ್ತರ ನಿಲ್ಲುವ, ಹಾರುವ ಹಕ್ಕಿಗಳಲ್ಲೆಲ್ಲ ಅತ್ಯಂತ ಭಾರದ ಕೆಲವೇ ಜಾತಿಗಳಲ್ಲೊಂದಾದ ಈ ಪಕ್ಷಿ ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಡುತ್ತದೆ. ಅದಕ್ಕೆ ಕಾಡು ಬೇಡ, ಕೆರೆ ಬೇಡ. ಬೇಕಾದದ್ದು ನಿರ್ಭಯವಾದ ಹುಲ್ಲುಬಯಲು. ಆ ಬಯಲು ಚೂರುಚೂರಾದಂತೆ ಹಕ್ಕಿಯೂ ವಿರಳವಾಗುತ್ತ, ಇಂದು ದಖ್ಖನ್ನಿನಲ್ಲಿ ಅದನ್ನು ಕಾಣುವುದೇ ಅಪೂರ್ವವಾಗಿದೆ. "ಏನೂ ಇಲ್ಲ" ಎಂಬ ಮಾತು ಹೀಗೆ ಕೆಲವೊಮ್ಮೆ ನಿಜವಾಗಿಬಿಡುತ್ತದೆ.

ಊರೊಳಗೆ

ಬಿಸಿಲೇರಿದ ಮೇಲೆ ಊರಿಗೆ ಮರಳುವುದು ವಿವೇಕ. ಆಳಂದ ಹಳೆಯ ಊರು. ಚಾಲುಕ್ಯರ ಕಾಲದಲ್ಲಿ ಆಳಂದೆ ಸಾಸಿರವೆಂಬ ನಾಡಿಗೆ ಇದೇ ಹೆಸರು. ಶರಣ ಏಕಾಂತದ ರಾಮಯ್ಯನು ಹುಟ್ಟಿದ್ದು ಇಲ್ಲಿ ಎಂಬುದಕ್ಕೆ, ಇಲ್ಲಿಂದ ಬಹುದೂರದ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿರುವ, ಸುಮಾರು ಕ್ರಿ.ಶ. ೧೨೦೦ರ ಶಾಸನ ಸಾಕ್ಷಿ. ಆಳಂದೆಯ ಸೋಮನಾಥನ ಭಕ್ತನಾದ ಪುರುಷೋತ್ತಮ ಭಟ್ಟನಿಗೂ ಪದ್ಮಾಂಬಿಕೆಗೂ ಮಗನಾಗಿ ರಾಮಯ್ಯ ಜನಿಸಿದನೆಂದು ಅದು ಹೇಳುತ್ತದೆ. ಅಬ್ಬಲೂರಿನಲ್ಲಿ ಜೈನರೊಡನೆ ಪಂಥ ಕಟ್ಟಿ, ತನ್ನ ತಲೆಯನ್ನೇ ಶಿವನಿಗೊಪ್ಪಿಸಿ ಮರಳಿ ಪಡೆದನೆಂಬ ಅವನ ಕಥೆಯನ್ನು ಕವಿ ಹರಿಹರನು ರಗಳೆಯಾಗಿಸಿದನು. ಶ್ರದ್ಧೆಯ ತೀವ್ರತೆ ಹೇಗೆ ಕಲಹದ ಅಂಚಿಗೆ ಹೋಗಬಲ್ಲದು ಎಂಬುದಕ್ಕೂ ಆ ಕಥೆಯೇ ಸಾಕ್ಷಿ.

ಇಂದಿನ ಆಳಂದದ ಹೆಗ್ಗುರುತು ಲಾಡ್ಲೆ ಮಶಾಯಕ್ ದರ್ಗಾ. ೧೪ನೆಯ ಶತಮಾನದ ಸೂಫಿ ಸಂತರಾದ ಹಜರತ್ ಅಲಾವುದ್ದೀನ್ ಅನ್ಸಾರಿಯವರನ್ನು ಜನ ಅಕ್ಕರೆಯಿಂದ ಕರೆಯುವ ಹೆಸರು 'ಲಾಡ್ಲೆ', ಎಂದರೆ ಮುದ್ದಿನವರು. ದರ್ಗಾದ ಆವರಣದೊಳಗೆ ರಾಘವ ಚೈತನ್ಯರ ಸಮಾಧಿಯೂ ಶಿವಲಿಂಗವೂ ಇವೆಯೆಂದು ಹಿಂದೂ ಭಕ್ತರು ನಡೆದುಕೊಳ್ಳುತ್ತ ಬಂದಿದ್ದಾರೆ. ೧೭ನೆಯ ಶತಮಾನದ ಸಂತ ತುಕಾರಾಮನು ತನ್ನ ಗುರುಪರಂಪರೆಯಲ್ಲಿ ಸ್ಮರಿಸುವ ರಾಘವ ಚೈತನ್ಯರು ಇವರೇ ಎಂಬ ನಂಬಿಕೆಯಿಂದ ಮಹಾರಾಷ್ಟ್ರದ ವಾರಕರಿಗಳಿಗೂ ಆಳಂದ ಆಪ್ತವಾದ ಹೆಸರು. ಚಾದರ ಹೊದಿಸುವವರೂ ಬಿಲ್ವಪತ್ರೆ ತರುವವರೂ ಒಂದೇ ಅಂಗಳದಲ್ಲಿ ಚಪ್ಪಲಿ ಬಿಟ್ಟ ಕಾಲ ಚಿಕ್ಕದಲ್ಲ.

ಆ ಅಂಗಳಕ್ಕೂ ಕಹಿ ಗಳಿಗೆ ಬಂದಿತು. ೨೦೨೨ರ ಮಾರ್ಚ್ ೧ರ ಮಹಾಶಿವರಾತ್ರಿಯಂದು ಪೂಜೆಯ ವಿಷಯವಾಗಿ ಊರಿನಲ್ಲಿ ಉದ್ವೇಗ ಹಬ್ಬಿ ಕಲ್ಲುತೂರಾಟವಾಯಿತು. ಅನಂತರ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಪ್ರವಾಸಿಯು ಅಲ್ಲಿ ತೀರ್ಪುಗಾರನಾಗಿ ನಿಲ್ಲಬೇಕಾಗಿಲ್ಲ. ತಲೆಗೆ ವಸ್ತ್ರ, ಬಾಯಿಗೆ ಮೌನ, ಛಾಯಾಚಿತ್ರ ತೆಗೆಯುವ ಮೊದಲು ಅಪ್ಪಣೆ — ಇಷ್ಟು ಸಾಕು. ಎಲ್ಲರದೂ ಆದ ನೆಲವನ್ನು ಕಡತವು ಖರಾಬು ಎನ್ನುತ್ತದೆ. ಎಲ್ಲರದೂ ಆದ ಅಂಗಳವನ್ನು ಜಗಳವು ಹಂಚಿಕೊಳ್ಳ ಬಯಸುತ್ತದೆ. ಎರಡರ ಬಾಳಿಕೆಯೂ ಅಲ್ಲಿಗೆ ಬಂದುಹೋಗುವವರ ನಡತೆಯ ಮೇಲೆ ಒಂದಿಷ್ಟು ನಿಂತಿದೆ.

ಊಟದ ಮಾತು

ಕುಟುಂಬ ಸಮೇತ ಬಂದವರಿಗೆ ಊಟದ ಪ್ರಶ್ನೆ ಸಣ್ಣದಲ್ಲ. ಇಲ್ಲಿಯ ಅನ್ನ ಜೋಳದ ರೊಟ್ಟಿ. ಬಿಸಿಯಾಗಿದ್ದರೆ ಹತ್ತಿಯಂತೆ ಮೃದು, ಒಣಗಿಸಿದರೆ ಕಟಕಟನೆ ಮುರಿಯುವ ಖಡಕ್. ಜೊತೆಗೆ ಹುಳಿಯಾದ ಪುಂಡಿ ಪಲ್ಯ, ಝುಣಕ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಕೊನೆಗೆ ಅನ್ನದ ಮೇಲೆ ತೊಗರಿಯ ಬೇಳೆ. ಇದು ತೊಗರಿಯ ತವರು. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೇರನ್ನು ಆಳಕ್ಕಿಳಿಸಿ, ಮಳೆ ನಿಂತ ಮೇಲೂ ಎರೆಯ ಒಡಲಿನ ತೇವವನ್ನು ಹೀರಿ ಬದುಕುವ ಬೆಳೆಯಿದು. ಜೂನ್ ಜುಲೈಯಲ್ಲಿ ಬಿತ್ತಿ ಡಿಸೆಂಬರ್ ಜನವರಿಯಲ್ಲಿ ಕೊಯ್ಯುತ್ತಾರೆ. ಬೆಂಗಳೂರಿನ ಅಡುಗೆಮನೆಯ ಸಾರಿನ ಗುಟ್ಟು ಅಷ್ಟು ದೂರದ ಈ ಕಪ್ಪುಮಣ್ಣಿನಲ್ಲಿದೆಯೆಂಬುದನ್ನು ಗೃಹಿಣಿಯರು ಇಲ್ಲಿ ಕಣ್ಣಾರೆ ಕಾಣಬಹುದು. ಒಂದೆರಡು ಕಿಲೋ ಬೇಳೆಯನ್ನು ಕಟ್ಟಿಸಿಕೊಂಡು ಹೋಗುವುದಕ್ಕಿಂತ ಉಪಯುಕ್ತವಾದ ನೆನಪಿನ ಕಾಣಿಕೆ ಬೇರೊಂದಿಲ್ಲ.

ದಿನವನ್ನು ಆರಿಸಿಕೊಳ್ಳುವ ಅನುಕೂಲವಿದ್ದವರು ಎಳ್ಳಮಾವಾಸ್ಯೆಗೆ ಬರಬೇಕು. ಡಿಸೆಂಬರ್ ಕೊನೆಗೋ ಜನವರಿಯಲ್ಲೋ ಬರುವ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆಯ ರೊಟ್ಟಿ, ಹಸಿ ತೊಗರಿಕಾಳು ಕಡಲೆ ಸೊಪ್ಪುಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಕಡುಬು, ಅಂಬಲಿ — ಇವುಗಳನ್ನು ಮೊದಲು ಭೂಮಿತಾಯಿಗೆ ಉಣಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಕೂಡಿ ಉಣ್ಣುತ್ತಾರೆ. ದಾರಿಹೋಕನನ್ನು ಕೂಗಿ ಕರೆದು ಉಣಿಸದೆ ಕಳಿಸಿದರೆ ಹಬ್ಬ ಅಪೂರ್ಣ. ಗಡಿಯಾಚೆಯ ಲಾತೂರು, ಧಾರಾಶಿವ ಜಿಲ್ಲೆಗಳಲ್ಲಿ ಇದೇ ಹಬ್ಬ 'ವೇಳ ಅಮಾವಾಸ್ಯೆ'. ಕನ್ನಡದ 'ಎಳ್ಳ' ಮರಾಠಿಯ ನಾಲಗೆಯ ಮೇಲೆ 'ವೇಳ' ಆಯಿತೆಂದು ಅಲ್ಲಿಯವರೇ ಹೇಳುತ್ತಾರೆ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿ ತಿನ್ನುವ ಸೀತನಿಯ ಕಾಲವೂ ಚಳಿಗಾಲದ ಈ ದಿನಗಳದೇ.

ಅಮರ್ಜಾ ಹಿಡಿದು ಸಂಗಮಕ್ಕೆ

ಎರಡನೆಯ ದಿನವನ್ನು ನೀರಿಗೆ ಮೀಸಲಿಡಬೇಕು. ಆಳಂದ ತಾಲ್ಲೂಕಿನಲ್ಲಿ ಹುಟ್ಟಿ, ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುವ ಚಿಕ್ಕ ನದಿ ಅಮರ್ಜಾ. ಮಡ್ಡಿಯ ಮೇಲೆ ಬಿದ್ದ ಮಳೆ ಹುಲ್ಲಿನ ಬುಡದಲ್ಲಿ ತಂಗಿ, ಹಳ್ಳವಾಗಿ ಇಳಿದು, ಹಳ್ಳಗಳು ಕೂಡಿ ಅಮರ್ಜೆಯಾಗುತ್ತದೆ. ಮೊದಲ ದಿನ ಖರಾಬು ಎನಿಸಿದ ನೆಲ ಎರಡನೆಯ ದಿನ ನದಿಯ ತವರಾಗಿ ಕಾಣುವುದೇ ಈ ಪ್ರವಾಸದ ತಿರುಳು.

ಕೊರಹಳ್ಳಿಯ ಹತ್ತಿರ ಈ ನದಿಗೆ ಅಣೆಕಟ್ಟೆಯಿದೆ. ಹಿನ್ನೀರಿನ ಅಂಚಿನಲ್ಲಿ ಬೆಳಗಿನ ಹೊತ್ತು ನಿಂತರೆ, ಬೋಳು ಬಯಲಿನ ನಡುವೆ ಆಕಾಶದ ತುಂಡೊಂದನ್ನು ಹಾಸಿದಂತೆ ತೋರುತ್ತದೆ. ಮಳೆ ಕೈಕೊಟ್ಟ ವರ್ಷ ನೀರಿನ ಗೆರೆ ಒಳಕ್ಕೆ ಸರಿದು ಒಡೆದ ಮಣ್ಣು ಹೊರಬೀಳುವುದೂ ಉಂಟು. ಅಂಥ ವರ್ಷಗಳಲ್ಲಿ ಈ ಸೀಮೆಯ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಕುಟುಂಬಗಳು ಗಂಟು ಕಟ್ಟಿಕೊಂಡು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಕೂಲಿಗಾಗಿ ಹೋಗುತ್ತವೆ. ಮಹಾನಗರದ ಮಹಡಿ ಮನೆಗಳಿಗೆ ಇಟ್ಟಿಗೆ ಹೊತ್ತ ಕೈಗಳಲ್ಲಿ ಇಲ್ಲಿಯವೂ ಇವೆ. ನಗರದ ಪ್ರವಾಸಿ ಇಲ್ಲಿಗೆ ಬರುವ ಮೊದಲೇ ಇಲ್ಲಿಯವರು ಅವನ ಊರನ್ನು ನೋಡಿರುತ್ತಾರೆ. ನೋಡಿದ ಬಗೆ ಮಾತ್ರ ಬೇರೆ.

ನದಿಯ ಜೊತೆಯಲ್ಲಿ ದಕ್ಷಿಣಕ್ಕಿಳಿದು ಗಾಣಗಾಪುರ ಸೇರುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ. ದತ್ತಾವತಾರವೆಂದು ಪೂಜಿತರಾದ ಶ್ರೀ ನೃಸಿಂಹ ಸರಸ್ವತಿಗಳು ೧೫ನೆಯ ಶತಮಾನದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ನೆಲೆಸಿದ್ದ ಕ್ಷೇತ್ರವಿದು. ಊರೊಳಗಿನ ಮಠದಲ್ಲಿ ಅವರ ನಿರ್ಗುಣ ಪಾದುಕೆಗಳಿವೆ. ಇಲ್ಲಿಯ ವಿಶೇಷ ಮಧುಕರೀ ಭಿಕ್ಷೆ: ಲಕ್ಷಾಧೀಶನಾದರೂ ಜೋಳಿಗೆ ಹಿಡಿದು ಐದು ಮನೆಯ ಮುಂದೆ ನಿಂತು ಬೇಡಬೇಕು. ಗುರುಗಳು ಇಂದಿಗೂ ಯಾವುದೋ ರೂಪದಲ್ಲಿ ಮಧ್ಯಾಹ್ನದ ಭಿಕ್ಷೆಗೆ ಬರುತ್ತಾರೆಂಬುದು ಭಕ್ತರ ನಂಬಿಕೆ. ಆದಕಾರಣ ಬೇಡುವ ಯಾರನ್ನೂ ಇಲ್ಲಿ ಹಗುರವಾಗಿ ಕಾಣುವಂತಿಲ್ಲ. ಬರಿಗೈಯವನು ಬರಿದಾದವನಲ್ಲ ಎಂಬ ಪಾಠವನ್ನು ಮಕ್ಕಳಿಗೆ ಬಾಯಲ್ಲಿ ಹೇಳುವುದಕ್ಕಿಂತ ಒಂದು ಜೋಳಿಗೆಯನ್ನು ಅವರ ಕೈಗಿಟ್ಟರೆ ಸಾಕು.

ಊರಿನಿಂದ ಕೊಂಚ ದೂರದಲ್ಲಿ ಔದುಂಬರದ ನೆರಳಿನ ಸಂಗಮ. ದೇವದಾನವರ ಯುದ್ಧದಲ್ಲಿ ಇಂದ್ರನು ಒಯ್ಯುತ್ತಿದ್ದ ಅಮೃತದ ಹನಿ ನೆಲಕ್ಕೆ ಬಿದ್ದು ಅಮರ್ಜೆ ಹುಟ್ಟಿತೆಂದು ಸ್ಥಳಮಹಿಮೆ ಹೇಳುತ್ತದೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ ನೂರಾರು ಕಿಲೋಮೀಟರು ಹರಿದು ಬಂದ ಭೀಮೆಯ ಮುಂದೆ ಅಮರ್ಜೆ ಪುಟ್ಟ ಹುಡುಗಿಯಂತಿದೆ. ಆದರೂ ತೀರ್ಥದ ಹೆಸರಿನಲ್ಲಿ ಇಬ್ಬರಿಗೂ ಸಮಪಾಲು. ಮೇಲಿನಿಂದ ನೀರು ಬಿಟ್ಟಾಗ ಭೀಮೆ ಥಟ್ಟನೆ ಏರುತ್ತಾಳೆ. ೨೦೨೦ರ ಅಕ್ಟೋಬರಿನ ಪ್ರವಾಹದಲ್ಲಿ ಈ ದಂಡೆಯ ಊರುಗಳು ಬಹಳ ಬವಣೆ ಪಟ್ಟವು. ಸ್ನಾನಕ್ಕೆ ಇಳಿಯುವವರು ಸ್ಥಳೀಯರನ್ನು ಕೇಳದೆ ಇಳಿಯಬಾರದು.

ಹೊರಡುವವರಿಗೆ ಕೆಲವು ಸೂಚನೆ

ನವೆಂಬರಿನಿಂದ ಜನವರಿಯವರೆಗಿನ ಕಾಲ ಅತ್ಯುತ್ತಮ. ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು ೪೦ ಡಿಗ್ರಿಯನ್ನು ದಾಟುವುದರಿಂದ ಮಕ್ಕಳು ಮುದುಕರೊಡನೆ ಬರುವ ಸಾಹಸ ಬೇಡ. ಮಳೆಗಾಲದಲ್ಲಿ ಮಡ್ಡಿ ಹಸುರಾಗಿ ಕಣ್ಣಿಗೆ ಹಬ್ಬವೆನ್ನುವುದು ದಿಟ. ಆದರೆ ನೆನೆದ ಎರೆಯಲ್ಲಿ ಹತ್ತು ಹೆಜ್ಜೆ ಇಟ್ಟವನ ಪಾದರಕ್ಷೆ ಹತ್ತು ಸೇರಿನ ತೂಕವಾಗುತ್ತದೆ. ಛತ್ರಿ, ನೀರು, ಗಟ್ಟಿಯಾದ ಚಪ್ಪಲಿ ಯಾವ ಕಾಲದಲ್ಲೂ ಬೇಕು. ತಂಗುವುದಕ್ಕೆ ಕಲಬುರಗಿಯಲ್ಲಿ ಎಲ್ಲ ದರ್ಜೆಯ ವಸತಿಗೃಹಗಳೂ, ಗಾಣಗಾಪುರದಲ್ಲಿ ಯಾತ್ರಿಕರ ನಿವಾಸಗಳೂ ದೊರೆಯುತ್ತವೆ. ಮರಳುವವರು ಗಾಣಗಾಪುರ ರೋಡ್ ನಿಲ್ದಾಣದಲ್ಲಿ ರೈಲು ಹಿಡಿಯಬಹುದು. ಹೆಸರಿಗೆ ಮೋಸಹೋಗಬಾರದು, ಕ್ಷೇತ್ರಕ್ಕೂ ನಿಲ್ದಾಣಕ್ಕೂ ನಡುವೆ ಸುಮಾರು ೨೦ ಕಿಲೋಮೀಟರು ಇದೆ. ಹೊಲದ ಬದುವಿನ ಮೇಲೆ ನಡೆಯಬೇಕು, ಬೆಳೆಯ ಮೇಲಲ್ಲ. ಮಡ್ಡಿಯ ಮೇಲೆ ತಿಂಡಿಯ ಪೊಟ್ಟಣಗಳನ್ನು ಬಿಟ್ಟುಬರಬಾರದು. ಮರವಿಲ್ಲದ ನೆಲದಲ್ಲಿ ಕಸಕ್ಕೆ ಮರೆಯೂ ಇಲ್ಲ.

ಇಷ್ಟನ್ನು ಕಂಡು ಹೋದ ಕುಟುಂಬ ಮನೆಯಲ್ಲಿ ಹೇಳಿಕೊಳ್ಳುವುದಕ್ಕೆ ದೊಡ್ಡ ಅದ್ಭುತವೇನೂ ಇರಲಾರದು. ಜಲಪಾತದ ಚಿತ್ರವಿಲ್ಲ, ಅರಮನೆಯ ವರ್ಣನೆಯಿಲ್ಲ. ಎರಡು ಕಿಲೋ ತೊಗರಿಬೇಳೆ, ಬಟ್ಟೆಯಂಚಿಗೆ ಅಂಟಿಕೊಂಡು ಬಂದ ಹುಲ್ಲಿನ ಮುಳ್ಳು, ಮೂರು ಭಾಷೆ ಬೆರೆತ ಬಸ್ಸಿನ ಮಾತು — ಇಷ್ಟೇ. ಆದರೆ ಒಂದು ನೆಲದ ಭವಿಷ್ಯ ಬಹುಮಟ್ಟಿಗೆ ಅದರ ಬಗ್ಗೆ ದೂರದ ಜನ ಏನೆಂದುಕೊಂಡಿದ್ದಾರೆ ಎಂಬುದರ ಮೇಲೆ ನಿಲ್ಲುತ್ತದೆ. "ಅಲ್ಲೇನಿದೆ?" ಎಂದು ಮುಂದೆ ಯಾರಾದರೂ ಕೇಳಿದಾಗ, "ಅಲ್ಲಿ ಒಂದು ನದಿ ಹುಟ್ಟುತ್ತದೆ" ಎಂದು ಆ ಮನೆಯ ಮಗು ಉತ್ತರ ಕೊಟ್ಟರೆ, ಆಳಂದದ ಮಡ್ಡಿಗೆ ಅಷ್ಟು ಲಾಭ, ಮಗುವಿಗೆ ಇನ್ನೂ ಹೆಚ್ಚು.